ಏಳು ನಿಮಿಷ

ಗ್ರೇಡಿಯದನ್ನು ಹುಡುಕಲು ಎರಡು ನಿಮಿಷ. ಗಂಡನದನ್ನು ಹುಡುಕಲು ಏಳು. ಡಿಸೆಂಬರಿನಿಂದ ಓರಿನ್‌ನ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

ಅದು ಹಿಮದಡಿ ಸಿಕ್ಕವರನ್ನು ಹುಡುಕುವ ಬರೀ ತಾಲೀಮು. ಸಿಲ್ವರ್ಟನ್ ಊರಿನ ಮೇಲಿನ ಬೆಟ್ಟದಲ್ಲಿ, ಕಾರು ನಿಲ್ಲಿಸುವ ಬಯಲಿನಲ್ಲಿ ಜೊತೆಗಾರರು ಓರಿನ್ ಮತ್ತು ಅವನ ಗೆಳೆಯ ಗ್ರೇಡಿಯ ಬೀಕನ್‌ಗಳನ್ನು ಹಿಮದಲ್ಲಿ ಹೂತಿದ್ದರು. ಹುಡುಕುವ ಸರದಿ ಓರಿನ್‌ನ ಹೆಂಡತಿ ಟ್ವೈಲಾಳದು. ಬೀಕನ್ ಎಂದರೆ ಸ್ಕೀ ಕಟ್ಟಿ ಬೆಟ್ಟ ಹತ್ತುವವರೆಲ್ಲ ಎದೆಗೆ ಬಿಗಿದುಕೊಳ್ಳುವ ಪುಟ್ಟ ಯಂತ್ರ. ಹೂತುಹೋದವನ ಬೀಕನ್ ಕೂಗುತ್ತಿರುತ್ತದೆ, ಹುಡುಕುವವರು ತಮ್ಮದನ್ನು ಕೇಳುವ ಕಡೆಗೆ ತಿರುಗಿಸುತ್ತಾರೆ. ಗಂಡಹೆಂಡಿರ ಹಾಗಲ್ಲ, ಕೇಳುವಾಗ ಅದು ಬಾಯಿ ಮುಚ್ಚಿಕೊಂಡೇ ಇರುತ್ತದೆ. ಇವರವು ಹಳೆಯ ಯಂತ್ರಗಳು, ಕೇಳುವ ಕಡೆಗೆ ತಿರುಗಿಸಿದರೆ ತಾವಾಗಿ ಮತ್ತೆ ಕೂಗಲು ತೊಡಗುತ್ತಿರಲಿಲ್ಲ.

“ಏಳು ನಿಮಿಷಕ್ಕೆ ನಾನು ಐಸ್‌ಕ್ರೀಮ್ ಆಗಿರ್ತಿದ್ದೆ,” ಎಂದು ಓರಿನ್ ನಕ್ಕಿದ್ದ.

“ನಿನ್ನದನ್ನ ಜಾಸ್ತಿ ಆಳಕ್ಕೆ ಹೂತಿದ್ರು ಕಣೋ,” ಎಂದಿದ್ದಳು ಟ್ವೈಲಾ. ಗ್ರೇಡಿ ಕಾಫಿ ಬಗ್ಗಿಸಿದ. ಮೊದಲ ಲೋಟ ಅವಳಿಗೆ.

ಜನವರಿಯಿಂದ ಅವಳು ಪ್ರತಿ ಗುರುವಾರ ಅಕ್ಕನ ಮನೆಗೆಂದು ಹೊರಡತೊಡಗಿದಳು. ಅಕ್ಕನ ಮನೆಯಲ್ಲಿ ಕೈಗವಸು ಒದ್ದೆಯಾಗುವುದು ಹೇಗೆ? ಹೋದ ವಾರ ಅವಳು ಗ್ರೇಡಿಯ ಪಿಕಪ್ ಗಾಡಿಯಿಂದ ಇಳಿಯುವುದನ್ನು ಓರಿನ್ ಕಣ್ಣಾರೆ ಕಂಡ. ಆದರೂ ಕೇಳಲಿಲ್ಲ. ಕೇಳಿದರೆ ಅವಳು ನಿಜ ಹೇಳಿಬಿಟ್ಟರೆ? ಹದಿನಾರು ವರ್ಷದ ಸಂಸಾರ, ಅದು ಕೈಬಿಟ್ಟರೆ ಅವನಿಗೆ ಬೇರೇನೂ ಇರಲಿಲ್ಲ.

ಈ ಭಾನುವಾರ ಮೂವರೂ ಕಡಿದಾದ ಇಳಿಜಾರಿನ ಅಂಚಿಗೆ ಬಂದು ನಿಂತರು. ಗಾಳಿ ರಾತ್ರಿಯೆಲ್ಲ ಅಲ್ಲಿ ಹಿಮ ತಂದು ಪೇರಿಸಿತ್ತು. ಇಂಥ ಕಡೆ ಒಬ್ಬೊಬ್ಬರೇ ದಾಟಬೇಕು. ಉಳಿದವರು ದಾಟುವವನ ಮೇಲಿಂದ ಕಣ್ಣು ಕೀಳಬಾರದು. ದಾಟಿದವನು ಕೂಗಿ ಹೇಳಬೇಕು.

“ಮೊದಲು ನಾನು,” ಎಂದ ಓರಿನ್.

“ಹೋಗು ಮಾರಾಯ. ನಾವಿಬ್ರೂ ಇರ್ತೀವಲ್ಲ,” ಎಂದ ಗ್ರೇಡಿ.

ನಡುವಿನಲ್ಲಿ ಓರಿನ್ ತಿರುಗಿ ನೋಡಿದ. ಗ್ರೇಡಿ ಅವಳ ಎದೆಯ ಬೀಕನ್ ಪಟ್ಟಿ ಬಿಗಿಗೊಳಿಸುತ್ತಿದ್ದ. ತಲೆಗೆ ತಲೆ ತಾಗುವಷ್ಟು ಹತ್ತಿರ. ಇಬ್ಬರಲ್ಲಿ ಒಬ್ಬರೂ ಇತ್ತ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಮೋಡ ಕವಿದು ಅವರು ಕಾಣದಾದರು. ಅವನ ಸ್ಕೀ ತಾಗಿ ಒಂದು ಗಾಡಿಯಷ್ಟು ಹಿಮ ಸರ್ರನೆ ಕಳಚಿ ಕೆಳಗಿನ ದಿಬ್ಬದಾಚೆ ಬಿತ್ತು. ಅವನಿಗೇನೂ ಆಗಲಿಲ್ಲ. ಆಚೆ ಬದಿಯ ಮರಗಳ ಮರೆ ಸೇರಿ ಕೂಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ನೋಡೋಣ, ಹೆಂಡತಿಯ ಜೀವ ಎಷ್ಟು ಮಿಡಿಯುತ್ತದೆ.

“ಓರಿನ್!” ಟ್ವೈಲಾಳ ದನಿ. “ಓರಿನ್, ಮಾತಾಡೋ!” ಮೂರನೆಯ ಸಲ ಆ ದನಿ ಒಡೆದುಹೋಯಿತು. ಅವನಿಗೆ ಸಂತೋಷವಾಯಿತು. ನಾಚಿಕೆಯಿಲ್ಲದ ಸಂತೋಷ.

ಆಮೇಲೆ ಕೂಗು ನಿಂತಿತು. ಮೂರೇ ಕೂಗಿಗೆ ದಣಿದಳೇ?

ಬೆಟ್ಟ ಧಪ್ ಎಂದಿತು. ಇಡೀ ಇಳಿಜಾರು ಕುಸಿದು ಮೊರೆಯುತ್ತ ಕಣಿವೆಗೆ ಹೋಯಿತು.

ಮೋಡ ಹರಿದಾಗ ಗ್ರೇಡಿಯೊಬ್ಬನೇ ಬೀಕನ್ ಹಿಡಿದು ಹಿಮದ ರಾಶಿಯ ಮೇಲೆ ಇಳಿದು ಬರುತ್ತಿದ್ದ. ಓರಿನ್ ಮರೆಯಿಂದ ನುಗ್ಗಿದ. ತನ್ನದನ್ನು ಕೇಳುವ ಕಡೆಗೆ ತಿರುಗಿಸಿ ರಾಶಿಯ ಉದ್ದಗಲ ಓಡಿದ. ಒಂದು ಸಣ್ಣ ಸದ್ದೂ ಇಲ್ಲ. ಸದ್ಯ, ಅವಳು ಇದರ ಕೆಳಗಿಲ್ಲ. ಹಿಂದೆಯೇ ಹಳೆಯ ಉರಿ ಎದ್ದಿತು: ಹಾಗಾದರೆ ತನಗಾಗಿ ಒಂದು ಹೆಜ್ಜೆಯನ್ನೂ ಇಡಲಿಲ್ಲ.

“ಮೇಲೇ ನಿಂತಿದಾಳಾ? ನನ್ನ ಹುಡುಕೋಕೆ ನಿನ್ನ ಕಳಿಸಿದ್ಲಾ?”

ಗ್ರೇಡಿಯ ಮುಖ ಬಿಳಿಚಿತು. “ನೀನು... ಹೊರಗಿದ್ಯಾ? ಹಿಮ ಜಾರಿದ ಸದ್ದು ಕೇಳಿ ನೀನು ಸಿಕ್ಕಿಹಾಕ್ಕೊಂಡೆ ಅಂದ್ಕೊಂಡ್ಲು. ಹಿಡ್ಕೊಂಡೆ, ಕೊಸರ್ಕೊಂಡು ಇಳಿದ್ಲು. ನಿನ್ನದನ್ನ ಹುಡುಕೋಕೆ ಏಳು ನಿಮಿಷ ಆಯ್ತು ಅಂತ ಮನಸ್ಸಿಗೆ ಹಚ್ಕೊಂಡು ಗುರುವಾರ ಗುರುವಾರ ನನ್ನ ಹತ್ರ ಬೀಕನ್ ಹುಡುಕೋದು ಕಲೀತಿದ್ಲು ಕಣೋ. ‘ಈಗ ನಂಗೆ ಎರಡೇ ನಿಮಿಷ ಸಾಕು’ ಅಂದು ಬೀಕನ್ ಕೇಳೋ ಕಡೆಗೆ ತಿರುಗಿಸ್ಕೊಂಡ್ಲು...”

ಓರಿನ್ ತನ್ನ ಕೈಯಲ್ಲಿದ್ದ ಯಂತ್ರವನ್ನು ನೋಡಿದ.

ಹಿಮದಡಿಯಲ್ಲೆಲ್ಲೋ ಟ್ವೈಲಾಳ ಬೀಕನ್ ಕೂಗದೆ, ಇನ್ನೂ ಅವನನ್ನೇ ಹುಡುಕುತ್ತಿತ್ತು.