ಹೊಂಗೆ ಕೊಂಬೆಯ ನ್ಯಾಯ

ಪಕ್ಕದ ಮನೆಯ ಜವರಯ್ಯನ ಹೊಂಗೆಮರದ ಕೊಂಬೆ ಬೇಲಿ ದಾಟಿ ಚೌಡಮ್ಮನ ಅಂಗಳದ ಮೇಲೆ ಬಾಗಿತ್ತು. ಉದುರಿದ ಎಲೆ ಗುಡಿಸುತ್ತ ಒಂಟಿ ಮುದುಕಿ ದಿನಾ ಬೆಳಿಗ್ಗೆ ಬಯ್ಯುವುದು, ಬೇಲಿಯಾಚೆಯಿಂದ ಅವನೂ ತಿರುಗಿ ಬಯ್ಯುವುದು ಹನ್ನೆರಡು ವರ್ಷದಿಂದ ನಡೆದಿತ್ತು. ಕೇಳಿ ಕೇಳಿ ರೋಸಿಹೋದ ಊರವರು ಇಬ್ಬರನ್ನೂ ಚಾವಡಿಗೆ ಕರೆಸಿದರು.

“ಮರ ಅವನದು, ಇರಲಿ. ಅಂಗಳ ನಿಂದು, ಈಚೆ ಬಾಗಿರೋ ಕೊಂಬೆ ಕಡಿಸ್ತೀವಿ. ಒಪ್ಪಿಗೇನವ್ವಾ?” ಯಜಮಾನರು ಕೇಳಿದರು.

ಚೌಡಮ್ಮ ತುಸು ತಡೆದು “ಹೂಂ” ಅಂದಳು.

“ನೀನೇನಂತೀಯೋ ಜವರಯ್ಯ?”

“ನ್ಯಾಯವಾಗೈತೆ, ಯಜಮಾನ್ರೇ. ಇವತ್ತೇ ಕಡೀತೀನಿ. ಇನ್ನು ಆಯಮ್ಮನ ಸವಾಸವೇ ನಂಗೆ ಬ್ಯಾಡ.”

ಸಂಜೆಗೆ ಕೊಂಬೆ ಉರುಳಿತು. ಮರುದಿನ ಚೌಡಮ್ಮ ಪೊರಕೆ ಹಿಡಿದು ಹೊರಗೆ ಬಂದರೆ ಅಂಗಳ ಹಾಸಿದ ಚಾಪೆಯಂತೆ ಚೊಕ್ಕಟವಾಗಿತ್ತು. ಬೇಲಿಯಾಚೆ ಜವರಯ್ಯ ಒಮ್ಮೆ ಕೆಮ್ಮಿ ಒಳಗೆ ಹೋದ. ಆಮೇಲೆ ಮೂರು ದಿನ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆಡಿದರೆ ಕೇಳುವವರಾದರೂ ಯಾರಿದ್ದರು?

ನಾಲ್ಕನೆಯ ಬೆಳಿಗ್ಗೆ ಕದ ತೆಗೆದರೆ ಅಂಗಳದ ತುಂಬ ಹೊಂಗೆಯೆಲೆ! ಅವಳು ತಲೆಯೆತ್ತಿ ನೋಡಿದಳು. ಮೇಲೆ ಬರೀ ಆಕಾಶವಿತ್ತು.

“ಏನವ್ವೋ, ನಾಲಿಗೆ ಬಿದ್ದೋಗೈತಾ?” ಬೇಲಿಯಾಚೆ ಖಾಲಿ ಮಂಕರಿ ಕೊಡವುತ್ತ ಜವರಯ್ಯ ಕೂಗಿದ.