ಮಗ್ಗದ ಸದ್ದಿನಲ್ಲಿ ಆಡಿದ ಮಾತು

ಬಾಯಿ ತೆರೆ ಎಂದಾಗ ಹುಡುಗಿ ಸಾಕ್ಷಿ ಸಂಕೋಚವಿಲ್ಲದೆ ತೆರೆದಳು. ಮಾತಾಡು ಎಂದಾಗ ಮಾತ್ರ ಅಂಗೈ ತುಟಿಗೆ ಬಂತು. ಇಚಲಕರಂಜಿಯ ದಂತವೈದ್ಯೆ ಡಾ. ಸಾಯಲಿ ಅದನ್ನು ಗಮನಿಸಿದಳು. ಎದುರಿನ ಎರಡು ಹಲ್ಲು ತುಸು ಮುಂದಿದ್ದವು, ಅಷ್ಟೇ. ಅವನ್ನು ತೇಯ್ದು ಕ್ಯಾಪ್ ಹಾಕಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಗಟ್ಟಿ ಹಲ್ಲನ್ನು ಒಮ್ಮೆ ತೇಯ್ದರೆ ಮತ್ತೆ ಬೆಳೆಯದು. ಅದಕ್ಕೇ ಚಂದಕ್ಕಾಗಿ ಬಂದವರ ಮನಸ್ಸು ಅರಿಯದೆ ಸಾಯಲಿ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

“ಹಲ್ಲು ಸರಿ ಆದಮ್ಯಾಲ ನಿನಗ ಏನ್ ಬದಲಾಗಬೇಕವ್ವಾ?”

ಹಿಂದೆ ಕುಳಿತಿದ್ದ ತಾಯಿ ಹೌಸಾಬಾಯಿ ನಡುವೆ ಬಾಯಿ ಹಾಕಿದಳು. “ಮೊದಲ ಆ ಕೈ ತಗಿ ಅನ್ರಿ ಡಾಕ್ಟರಬಾಯಿ. ಮನ್ಯಾಗೂ ಹಿಂಗ. ಮಾತಾಡ್ತಾಳೋ ಆಕಳಿಸ್ತಾಳೋ ತಿಳಿಯಂಗಿಲ್ಲ.”

ಸಾಕ್ಷಿ ಅಂಗೈಯ ಹಿಂದಿನಿಂದಲೇ ಹೇಳಿದಳು. “ನಾ ಕೊರೋಚಿ ಊರಾಗ ಮಗ್ಗದ ಶೆಡ್ಡಿನ್ಯಾಗ ಕಂಡಿಕಿಗೆ ನೂಲು ಸುತ್ತತೇನ್ರಿ. ಮಗ್ಗದ ಸಪ್ಪಳದಾಗ ಮಾತು ಕೇಳಂಗಿಲ್ಲ, ತುಟಿ ನೋಡೇ ತಿಳ್ಕೋತೀವಿ. ಅಲ್ಲೇ ಕೆಲಸ ಮಾಡೋ ಸೂರಜ ಅನ್ನಾಂವ ನನ್ನ ಹಲ್ಲಿನ ಮ್ಯಾಲ ಒಂದ್ ಮಾತಂದ. ಇಡೀ ಶೆಡ್ಡು ಅವನ ತುಟಿ ನೋಡಿ ನಕ್ಕಿತ್ರಿ. ಅವತ್ತಿಂದ ಕೈ ಅಡ್ಡ ಹಿಡೀತೇನಿ. ತುಟಿ ಕಾಣಂಗಿಲ್ಲಂತ ಈಗ ನನ್ನ ಜೋಡಿ ಯಾರೂ ಮಾತಾಡಂಗಿಲ್ಲ.”

“ಏನಂದ ಅಂವ?”

ಸಾಕ್ಷಿ ತಾಯಿಯ ಕಡೆ ಕಣ್ಣು ಹೊರಳಿಸಿದಳು.

ಸಾಯಲಿ ಬಾಯಿಯ ನೀರು ಎಳೆಯುವ ಯಂತ್ರವನ್ನು ಶುರುಮಾಡಿದಳು. ಕೋಣೆಯ ತುಂಬ ಸದ್ದು ತುಂಬಿತು. ತಾಯಿಗೆ ಬೆನ್ನು ಮಾಡಿ ನಿಂತು, ತನ್ನ ಮಾಸ್ಕ್ ಕೆಳಗೆಳೆದು, ದನಿಯಿಲ್ಲದೆ ಬರೀ ತುಟಿಯಲ್ಲಿ ಅದನ್ನೇ ಮತ್ತೆ ಕೇಳಿದಳು.

ಸಾಕ್ಷಿ ಕೈ ಇಳಿಸಿ ಹೇಳಿದಳು. ಸಾಯಲಿಗೆ ತಿಳಿಯಲಿಲ್ಲ, ಇಲ್ಲವೆಂದು ತಲೆಯಾಡಿಸಿದಳು. ಸಾಕ್ಷಿ ಇನ್ನಷ್ಟು ಬಾಯಿ ತೆರೆದು, ಒಂದೊಂದೇ ಅಕ್ಷರ ಬಿಡಿಸಿ, ಮತ್ತೆ ಹೇಳಿದಳು. ಕೈ ಮಡಿಲಲ್ಲೇ ಉಳಿಯಿತು.