ಶುಭಂ ಆದ ಮೇಲೆ

ಆ ಸಿನಿಮಾ ಟೀವಿಯಲ್ಲಿ ಬರುತ್ತದೆ ಎಂದು ಗೊತ್ತಾದ ಕೂಡಲೇ ಅಪ್ಪ ರಿಮೋಟನ್ನು ದಿಂಬಿನ ಕೆಳಗೆ ತಳ್ಳಿ, ಅದರ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಭಾನುವಾರದ ಮಧ್ಯಾಹ್ನ, ಊಟ ಮುಗಿದಿತ್ತು. ಮಗಳು ಸೋಫಾದ ಸಂದಿಯಲ್ಲೆಲ್ಲ ಕೈಹಾಕಿ ಹುಡುಕಿದಳು, ಅಳಿಯ ಪೇಪರ್ ಎತ್ತಿ ಕೊಡವಿದ. ಕೊನೆಗೆ ದಿಂಬಿನ ಅಂಚಿನಿಂದ ರಿಮೋಟಿನ ತುದಿ ಇಣುಕಿದ್ದು ಅವಳ ಕಣ್ಣಿಗೆ ಬಿತ್ತು.

"ಅಪ್ಪಾ, ಏನಿದು ಮಕ್ಕಳಾಟ? ಎಷ್ಟು ವರ್ಷದಿಂದ ಹುಡುಕ್ತಿದ್ದೀನಿ ಈ ಸಿನಿಮಾನ!"

"ಹಳೇ ಪ್ರಿಂಟು ಪುಟ್ಟಿ, ಬರೀ ಗೀರು. ಏನೂ ಕಾಣಲ್ಲ. ವಾರ್ತೆ ಹಾಕು."

ಜೀವಮಾನವೆಲ್ಲ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದ ಮನುಷ್ಯ ಸಿನಿಮಾ ಬೇಡ, ವಾರ್ತೆ ಹಾಕು ಎನ್ನುವುದೇ ವಿಚಿತ್ರ. ಹಾಗೆ ನೋಡಿದರೆ ಅಪ್ಪನ ವಿಚಿತ್ರ ಅದೊಂದೇ ಅಲ್ಲ. ಟಾಕೀಸಿನ ಹಳಬರು ಇಂದಿಗೂ ಅವರನ್ನು 'ಉಲ್ಟಾ ರೀಲು' ಎಂದೇ ಕರೆಯುತ್ತಾರೆ. ಯಾಕೆಂದು ಕೇಳಿದರೆ ಅಪ್ಪ "ಹೊಟ್ಟೆಕಿಚ್ಚು ಅವರಿಗೆ" ಎಂದು ಮಾತು ಹಾರಿಸುತ್ತಾರೆ. ಇದೆಲ್ಲ ವಿಚಾರಿಸುವ ವ್ಯವಧಾನ ಈಗ ಮಗಳಿಗಿರಲಿಲ್ಲ. ಟೈಟಲ್ಲು ಶುರುವಾಗಿತ್ತು.

ಅವಳು ಇದನ್ನು ನೋಡಿದ್ದು ಒಂದೇ ಸಲ, ಅವಳಮ್ಮ ತೀರಿಕೊಂಡ ವರ್ಷ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಪ್ಪ ಅವಳನ್ನು ಪ್ರೊಜೆಕ್ಟರ್ ಕೋಣೆಗೇ ಕರೆದೊಯ್ಯುತ್ತಿದ್ದರು. ಖಾಲಿ ರೀಲುಡಬ್ಬಿಗಳನ್ನು ಪೇರಿಸಿ ಅದರ ಮೇಲೆ ಕೂರಿಸಿದರೆ ಗೋಡೆಯ ಕಿಂಡಿಯಿಂದ ಪರದೆ ಕಾಣುತ್ತಿತ್ತು. ಆ ಸೆಕೆ, ಯಂತ್ರದ ಗರಗರ, ಅಪ್ಪನ ಅಂಗಿಯ ಎಣ್ಣೆ ವಾಸನೆ, ಇಷ್ಟೂ ಸೇರಿದರೇನೇ ಅವಳಿಗೆ ಸಿನಿಮಾ.

"ನೋಡ್ತಾ ಇರಿ," ಎಂದಳು ಗಂಡನಿಗೆ. "ಇದರಲ್ಲಿ ತಾಯಿ ಸಾಯ್ತಾಳೆ. ಆಮೇಲೆ ವಾಪಸ್ ಬರ್ತಾಳೆ. ಮಗಳಿಗೆ ಜಡೆ ಹಾಕಿ, ಉಯ್ಯಾಲೇಲಿ ಕೂರಿಸಿ ತೂಗ್ತಾಳೆ. ಅಲ್ಲಿಗೆ ಮುಗಿಯುತ್ತೆ."

"ಸತ್ತವಳು ಬಂದು ಜಡೆ ಹಾಕೋದಾ? ದೆವ್ವದ ಸಿನಿಮಾ ಅಂತ ಮೊದಲೇ ಹೇಳಬಾರದಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಅದೆಲ್ಲ ಶುಭಂ ಆದ್ಮೇಲೆ ಬರೋದು. ಅವಸರಪಟ್ಟು ಎದ್ದು ಹೋದೋರಿಗೆ ಸಿಗಲ್ಲ."

ಅಳಿಯನಿಗೆ ಈ ಮಾತು ಹೊಸದಲ್ಲ. ಯಾವ ಸಿನಿಮಾಕ್ಕೆ ಹೋದರೂ ಅವನು ಮೊದಲು ಏಳುವವನು, ಇವಳು ಏಳದೇ ಇರುವವಳು. ದೀಪ ಹತ್ತಿ, ಜನ ಖಾಲಿಯಾಗಿ, ಕಸ ಗುಡಿಸುವವಳು ಕಾಲ ಬುಡಕ್ಕೆ ಪೊರಕೆ ತಂದರೂ ಪರದೆ ನೋಡುತ್ತ ಕೂತಿರುತ್ತಾಳೆ. 'ಸೀಟಿಗೆ ಗೋಂದು ಹಚ್ಚಿದ್ರಾ?' ಎಂದು ಅವನು ಬಾಗಿಲಲ್ಲಿ ನಿಂತು ರೇಗಿಸುತ್ತಾನೆ. ಅವಳು ನಗುತ್ತಾಳೆ, ಏಳುವುದಿಲ್ಲ.

ಸಿನಿಮಾ ಅರ್ಧ ಆಗುವ ಮೊದಲೇ ಉಯ್ಯಾಲೆ ಬಂದುಬಿಟ್ಟಿತು. ತಾಯಿ ಗಟ್ಟಿಮುಟ್ಟಾಗಿದ್ದಳು. ಮಗಳಿಗೆ ಜಡೆ ಹೆಣೆದಳು, ತೂಗಿದಳು, ನಕ್ಕಳು.

"ಇದು ಈಗಲೇ ಯಾಕೆ ಬಂತು?" ಎಂದು ಮಗಳು ತಬ್ಬಿಬ್ಬಾದಳು. ಮತ್ತೆ ತಾನೇ, "ಕೊನೇಲಿ ಇನ್ನೊಂದ್ಸಲ ಬರುತ್ತೇನೋ," ಎಂದುಕೊಂಡಳು. ಅಪ್ಪ ಗೋಡೆಯ ಕಡೆಗೆ ಹೊರಳಿದರು.

ಕೊನೆಯಲ್ಲಿ ತಾಯಿ ಆಸ್ಪತ್ರೆಯ ಮಂಚದ ಮೇಲೆ ಸತ್ತಳು. ಹುಡುಗಿ ಬಾಗಿಲು ಹಿಡಿದು ನಿಂತಿದ್ದಳು. ಶುಭಂ ಬಂತು. ಅದರ ಹಿಂದೆಯೇ ಸೋಪಿನ ಜಾಹೀರಾತು ಬಂತು. "ಇದಾಗಲಿ, ಈಗ ಬರುತ್ತೆ," ಎಂದು ಮಗಳು ಮುಂದಕ್ಕೆ ಬಾಗಿ ಕೂತಳು. ಜಾಹೀರಾತು ಮುಗಿದು, ಅಡುಗೆ ಕಾರ್ಯಕ್ರಮದ ಹೆಂಗಸು ಸೌಟು ಹಿಡಿದು ನಮಸ್ಕಾರ ಹೇಳಿದಳು.

"ಕತ್ತರಿಸಿದ್ದಾರೆ! ಮುಖ್ಯವಾದ್ದನ್ನೇ ಕತ್ತರಿಸಿದ್ದಾರೆ! ಅಪ್ಪಾ, ನೀನೇ ಹೇಳು, ಅವಳು ವಾಪಸ್ ಬರಲ್ವಾ?"

ಅವಳ ಪಾಲಿಗೆ ಇಷ್ಟು ವರ್ಷ ಆ ತಾಯಿ ಎಲ್ಲೋ ಒಂದು ಕಡೆ ಬದುಕಿ ಬರುತ್ತಲೇ ಇದ್ದಳು. ಇವತ್ತು ಸೋಪಿನ ಜಾಹೀರಾತಿಗೆ ಮೊದಲು ಸತ್ತೇಹೋದಳು.

ಅಪ್ಪ ನಿಧಾನವಾಗಿ ಎದ್ದು ಕೂತರು. "ಉಯ್ಯಾಲೆ ಮಧ್ಯದ್ದು ಪುಟ್ಟಿ. ಯಾವತ್ತೂ ಮಧ್ಯದ್ದೇ."

"ಮತ್ತೆ ನಾನು ನೋಡಿದ್ದು?"

"ಆವತ್ತು ಬೆಳಗ್ಗೆ ಪ್ರಿಂಟು ಬಂತು. ಸರಿಯಿದೆಯಾ ಅಂತ ಹಾಕಿ ನೋಡ್ದೆ. ಕೊನೇಲಿ ತಾಯಿ ಸಾಯ್ತಾಳೆ. ನಿನ್ನ ಎಲ್ಲಿಗೆ ಕಳಿಸಲಿ? ನೀನು ಆಗಲೇ ಡಬ್ಬಿ ಪೇರಿಸ್ಕೊಂಡು ಕೂತಿದ್ದೆ. ಆ ಒಂದು ಆಟಕ್ಕೆ ಉಯ್ಯಾಲೆ ರೀಲು ತೆಗೆದಿಟ್ಕೊಂಡು, ಶುಭಂ ಆದ್ಮೇಲೆ ಹಾಕ್ದೆ. ಎದ್ದು ನಿಂತಿದ್ದ ಜನ ಶಿಳ್ಳೆ ಹೊಡೆದ್ರು, ಬೈದ್ರು. ಮ್ಯಾನೇಜರು ಮೆಟ್ಟಿಲು ಹತ್ತಿ ಬಂದು, ಕುಡಿದಿದ್ದೀಯೇನೋ ಅಂದ್ರು. ಹೌದು ಅಂದೆ."

ಅಪ್ಪ ಕುಡಿತದ ಸೋಂಕೇ ಇಲ್ಲದವರು. ಅಳಿಯ ಮೆಲ್ಲಗೆ ಕೇಳಿದ: "ಮಾವ, ಟಾಕೀಸಿನೋರು ಉಲ್ಟಾ ರೀಲು ಅನ್ನೋದು ಇದಕ್ಕೇನಾ?"

ಮಗಳು ಕಣ್ಣೊರೆಸಿಕೊಂಡು ನಗಲು ನೋಡಿದಳು. "ಅಂದ್ರೆ ಇಷ್ಟು ವರ್ಷ ನನಗೆ ರೀಲು ಬಿಟ್ಟಿದ್ದೀಯ."

"ರೀಲು ಬಿಡೋದೇ ನನ್ನ ಕೆಲಸ ಆಗಿತ್ತಲ್ಲೇ," ಎಂದರು ಅಪ್ಪ. "ಊರಿಗೆಲ್ಲ ನೆಟ್ಟಗೆ ಬಿಟ್ಟೆ. ನಿನಗೊಬ್ಬಳಿಗೆ ಮಾತ್ರ ಹಿಂದುಮುಂದು ಮಾಡಿ ಬಿಟ್ಟೆ."

ಅಳಿಯ ಟೀವಿ ಆರಿಸಿದ. ಯಾವಾಗಲೂ ಮೊದಲು ಏಳುವವನು, ಇಂದು ಖಾಲಿ ಪರದೆಯ ಮುಂದೆ ಅವಳ ಪಕ್ಕದಲ್ಲಿ ಕೂತೇ ಇದ್ದ.